ಬೀಗದೊಳಗಿನ ಫೋನು

ಸೆನ್ಯೊ ಸತ್ತ ಸಂಜೆಯೇ ಅವನ ಕೋಣೆಗೆ ಬೀಗ ಬಿತ್ತು. ಬೀಗ ಹಾಕಿದವರು ಮನೆತನಕ್ಕೆ ಹಿರಿಯರಾದ ಡೊತ್ಸೆ ದೊಡ್ಡಪ್ಪ. ಕಡಲಂಚಿನ ಆ ಕೇಟಾ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಗೆಯೇ. ಹೆಣ ಮಣ್ಣಿಗೆ ಹೋಗುವವರೆಗೆ ಸತ್ತವನ ಬಟ್ಟೆ, ಪೆಟ್ಟಿಗೆ, ಮಂಚದ ಕೆಳಗಿನ ಚಪ್ಪಲಿ ಯಾವುದನ್ನೂ ಯಾರೂ ಮುಟ್ಟುವುದಿಲ್ಲ. ಸೆನ್ಯೊ ದೋಣಿಯ ಮೋಟಾರು ಬಿಚ್ಚಿ ಕುಳಿತಿದ್ದಾಗ ಮರಳಿನ ಮೇಲೆ ಕುಸಿದವನು ಏಳಲೇ ಇಲ್ಲ. ಮನೆಗೆ ತಂದಾಗಲೂ ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಸುದ್ದಿ ಕೇಳಿದವರೆಲ್ಲ ಅದು ನಿಜವೇ ಎಂದು ತಿಳಿಯಲು ಸತ್ತವನಿಗೇ ಫೋನು ಮಾಡುತ್ತಿದ್ದರು. ದೊಡ್ಡಪ್ಪ ಅದನ್ನು ಆರಿಸಿ, ಮೇಜಿನ ಖಾನೆಯಲ್ಲಿಟ್ಟು, ಬಾಗಿಲೆಳೆದು, ಕೀಲಿಯನ್ನು ತಮ್ಮ ಸೊಂಟದ ಬಟ್ಟೆಗೆ ಗಂಟು ಹಾಕಿಕೊಂಡರು.

ಹೆಣ ಶವಾಗಾರಕ್ಕೆ ಹೋಯಿತು. ಹ್ಯಾಂಬರ್ಗಿನಲ್ಲಿದ್ದ ಸೆನ್ಯೊನ ತಮ್ಮನಿಗೆ ರಜೆ ಸಿಗುವುದು ಕ್ರಿಸ್‌ಮಸ್ಸಿಗೆ. ಅವನು ಬರದೆ ಮಣ್ಣು ಮಾಡುವಂತಿಲ್ಲ. ಆಗಿನ್ನೂ ಆಗಸ್ಟು. ಅಷ್ಟು ಕಾಯುವುದು ಯಾರಿಗೂ ಹೆಚ್ಚೆನಿಸಲಿಲ್ಲ.

ಹೆಚ್ಚೆನಿಸಿದ್ದು ಎನ್ಯೊನಾಮಳಿಗೆ ಮಾತ್ರ. ಅವಳು ಸೆನ್ಯೊನ ತಂಗಿ, ಸಂತೆಯ ಹಿಂದಿನ ಓಣಿಯಲ್ಲಿ ಬ್ರೆಡ್ಡು ಸುಟ್ಟು ಮಾರುವವಳು. ಸಾಯುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಅಣ್ಣ ಅವಳ ಒಲೆಯ ಹತ್ತಿರ ಬಂದು, ಎಂದಿನಂತೆ ಕರಕಲಾದ ತುದಿಯನ್ನು ಕಿತ್ತುಕೊಂಡು ತಿನ್ನುತ್ತಾ ನಿಂತಿದ್ದ.

"ಮಗಳನ್ನ ನರ್ಸಿಂಗಿಗೆ ಹಾಕಿದೀನಿ ಕಣೆ. ಅರ್ಜಿ ಹೋಗಿದೆ."

"ಯಾವ ಕಾಲೇಜು?"

"ನಿನಗೆ ಹೇಳಿದ್ರೆ ಬ್ರೆಡ್ಡಿನ ಜೊತೆ ಸುತ್ತಿ ಊರಿಗೆಲ್ಲ ಹಂಚ್ತೀಯ. ಸೀಟು ಬರ್ಲಿ, ಆಮೇಲೆ ಹೇಳ್ತೀನಿ."

ಅವನ ಗುಟ್ಟಿಗೆ ಕಾರಣವಿತ್ತು. ಹಿಂದಿನ ವರ್ಷ ಮಗಳು ಯಾಯ್ರಾ ತಾನೇ ಅರ್ಜಿ ಹಾಕಿ, ಸಂತೋಷಕ್ಕೆ ಎಲ್ಲರಿಗೂ ಹೇಳಿಕೊಂಡಿದ್ದಳು, ಆದರೆ ಸೀಟು ಸಿಗಲಿಲ್ಲ. ಚರ್ಚಿನ ಹಾಡಿನ ಗುಂಪಿನಲ್ಲಿ ಗೆಳತಿಯರು ಅವಳನ್ನು ಸಿಸ್ಟರಮ್ಮ ಎಂದು ಕರೆದು ತೋಳು ಚಾಚಿ, ಸೂಜಿ ಚುಚ್ಚು ಬಾ ಎಂದು ನಕ್ಕಿದ್ದರು. ಇನ್ನು ಅರ್ಜಿಯ ಮಾತೆತ್ತಬೇಡಿ ಎಂದು ಅವಳು ಹಟ ಹಿಡಿದಿದ್ದಳು. ಅವಳ ತಾಯಿ ಗಡಿಯಾಚೆಯ ಲೊಮೆಗೆ ಹೋಗಿ ಇನ್ನೊಂದು ಸಂಸಾರ ಮಾಡಿಕೊಂಡು ಎಷ್ಟೋ ಕಾಲವಾಗಿತ್ತು. ಅಪ್ಪನೇ ಅವಳ ಅಂಕಪಟ್ಟಿ ತೆಗೆದುಕೊಂಡು ಹೋಗಿ, ಗ್ರೀಸು ಮೆತ್ತಿದ ಬೆರಳಿನಲ್ಲಿ ಎಲ್ಲೋ ಕುಳಿತು ಅರ್ಜಿ ತುಂಬಿದ್ದ.

ಅಣ್ಣ ಸತ್ತ ಮೇಲೆ ಎನ್ಯೊನಾಮ್ ಇದನ್ನು ಹುಡುಗಿಗೆ ಹೇಳಿದಳು. ಯಾಯ್ರಾ, "ಉತ್ತರ ಅಪ್ಪನ ಫೋನಿಗೇ ಬರುತ್ತೆ ಅಲ್ವಾ ಅತ್ತೆ?" ಎಂದು ಕೇಳಿದಳು. ಆ ಮೇಲೆ ಅವಳು ಅಪ್ಪನ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಬೀಗವನ್ನೊಮ್ಮೆ ನೋಡುವುದು ಎನ್ಯೊನಾಮಳ ಕಣ್ಣಿಗೆ ಬೀಳತೊಡಗಿತು.

ಸೆಪ್ಟೆಂಬರು ಮುಗಿಯುವ ಹೊತ್ತಿಗೆ, ಸೀಟು ಸಿಕ್ಕಿದವರಿಗೆ ಪತ್ರಗಳು ಹೋಗುತ್ತಿವೆಯೆಂದು ರೇಡಿಯೊ ಹೇಳಿತು. ಗಡುವಿನೊಳಗೆ ಒಪ್ಪಿಗೆ ಕಳಿಸದಿದ್ದರೆ ಸೀಟು ಮುಂದಿನವರ ಪಾಲು. ಎನ್ಯೊನಾಮ್ ಒಂದು ದಿನದ ಹಿಟ್ಟು ಬಿಟ್ಟು ಹತ್ತಿರದ ಕಾಲೇಜಿಗೆ ಹೋದಳು. ಅಲ್ಲಿನವರು ಮರ್ಯಾದೆಯಿಂದಲೇ ಕೂರಿಸಿ ಅರ್ಜಿಯ ನಂಬರು ಕೇಳಿದರು. ಅವಳ ಹತ್ತಿರ ಇರಲಿಲ್ಲ. ಅದು ಯಾವ ಕಾಲೇಜಿನ ಅರ್ಜಿಯೆಂಬುದೇ ತಿಳಿದಿರಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ಕುಳಿತು ಅವಳು ಧೈರ್ಯ ಕೂಡಿಸಿಕೊಂಡು, ಇಳಿದವಳೇ ನೇರವಾಗಿ ದೊಡ್ಡಪ್ಪನ ಅಂಗಳಕ್ಕೆ ನಡೆದಳು.

ದೊಡ್ಡಪ್ಪ ಬೇವಿನ ಮರದ ಕೆಳಗೆ ಕುಳಿತು, ಸಾವಿನ ಊಟಕ್ಕೆ ಎಷ್ಟು ಕುರ್ಚಿ ಬೇಕೆಂದು ಯಾರೊಂದಿಗೋ ಮಾತಾಡುತ್ತಿದ್ದರು. ಅವಳ ಮಾತನ್ನು ಪೂರ್ತಿ ಕೇಳಿದರು.

"ಸತ್ತವನ ಸಾಮಾನು ಎಲ್ಲಿಗೂ ಓಡಿಹೋಗಲ್ಲ ಎನ್ಯೊ."

"ಸಾಮಾನು ಬೇಡ ದೊಡ್ಡಪ್ಪ. ಫೋನು ಒಂದ್ಸಲ ಹಾಕಿ ನೋಡ್ತೀನಿ. ನಿಮ್ಮ ಕಣ್ಣೆದುರಿಗೇ."

"ಇವತ್ತು ನೀನು ಫೋನು ಅಂತೀಯ. ನಾಳೆ ಇನ್ನೊಬ್ಬ ಬಂದು ಸ್ಪ್ಯಾನರು ಅಂತಾನೆ. ನಾನು ಯಾರಿಗೆ ಹೌದನ್ಲಿ, ಯಾರಿಗೆ ಇಲ್ಲ ಅನ್ಲಿ? ಮಣ್ಣಾಗ್ಲಿ ತಾಯಿ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಪಕ್ಕದ ಕೇರಿಯಲ್ಲಿ ಒಬ್ಬನ ಶವಪೆಟ್ಟಿಗೆಗೆ ಮೊಳೆ ಹೊಡೆಯುವ ಮೊದಲೇ ಅವನ ಫೋನಿನಲ್ಲಿದ್ದ ದುಡ್ಡನ್ನೆಲ್ಲ ಬಂಧುಗಳೇ ಖಾಲಿ ಮಾಡಿದ್ದರು. ಎನ್ಯೊನಾಮ್ ತಲೆಯಾಡಿಸಿ ಹಿಂದಿರುಗಿದಳು. ಇನ್ನೊಮ್ಮೆ ಕೇಳೋಣ, ಯಾಯ್ರಾಳನ್ನೂ ಕರೆದುಕೊಂಡು ಹೋಗೋಣ ಎಂದುಕೊಂಡಳು. ಅಷ್ಟರಲ್ಲಿ ನೀರಿನ ನಲ್ಲಿಯ ಹತ್ತಿರ ಯಾರೋ ಆಡಿದ ಮಾತು ಅವಳ ಕಿವಿಗೆ ಬಿತ್ತು. ಅಣ್ಣ ಇನ್ನೂ ಐಸಿನಲ್ಲಿ ಮಲಗಿದ್ದಾನೆ, ತಂಗಿಗೆ ಫೋನಿನ ದುಡ್ಡಿನ ಚಿಂತೆ ಎಂದು. ಹೇಳಿದವಳು ಕೊಡ ತುಂಬಿಕೊಂಡು ಇವಳ ಮುಖ ನೋಡದೆ ಹೋದಳು.

ಆದರೂ ಇನ್ನೊಮ್ಮೆ ಹೋಗಿದ್ದಳು. ಅಕ್ಟೋಬರಿನಲ್ಲಿ, ಆಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ದೊಡ್ಡಪ್ಪ ಬ್ರೆಡ್ಡು ತೆಗೆದುಕೊಂಡು ಅವಳ ಮಕ್ಕಳ ಕೆಮ್ಮು ವಿಚಾರಿಸಿದರು. ಅಂಗಳದಲ್ಲಿ ಬೇರೆ ಹೆಂಗಸರೂ ಇದ್ದರು. ಅವಳು ಶಾಮಿಯಾನದ ಬಾಡಿಗೆಯ ಮಾತಾಡಿ ಎದ್ದುಬಂದಳು.

ಕ್ರಿಸ್‌ಮಸ್ಸಿಗೆ ತಮ್ಮ ಬಂದ. ಸಾವಿನ ಕಪ್ಪು ಕೆಂಪು ಬಟ್ಟೆ ಉಟ್ಟವರಿಂದ ಬೀದಿ ತುಂಬಿತು, ಬ್ಯಾಂಡಿನವರು ಸಮುದ್ರದ ಗಾಳಿಯನ್ನೂ ಮೀರಿಸಿ ಊದಿದರು, ಸೆನ್ಯೊ ಮಣ್ಣಿಗೆ ಹೋದ. ಮಾರನೆಯ ದಿನ ಎಲ್ಲರನ್ನೂ ಕೂರಿಸಿ ಚರ್ಚಿನ ಹಿರಿಯರು ಅವನ ಉಯಿಲು ಓದಿದರು. ಕೋಣೆ ಮಗಳಿಗೆ. ಕಾಗದಪತ್ರ, ಫೋನು, ಫೋನಿನೊಳಗೆ ತನ್ನದೆಂದು ಏನೇನಿದೆಯೋ ಎಲ್ಲವನ್ನೂ ಹುಡುಕಿ ಲೆಕ್ಕ ಮುಗಿಸಬೇಕಾದವಳು ತಂಗಿ ಎನ್ಯೊನಾಮ್. ದೊಡ್ಡಪ್ಪ ಸೊಂಟದ ಗಂಟು ಬಿಚ್ಚಿ, ಕೀಲಿಯನ್ನು ಎಲ್ಲರ ಎದುರಿಗೆ ಅವಳ ಅಂಗೈಯಲ್ಲಿಟ್ಟು, ಇನ್ನು ಯಾರೂ ನಿನ್ನನ್ನು ಏನೂ ಅನ್ನುವ ಹಾಗಿಲ್ಲ ಎಂದರು.

ಫೋನನ್ನು ಒಲೆಮನೆಯಲ್ಲಿ ಚಾರ್ಜಿಗೆ ಹಾಕಿದರು. ದೀಪ ಹತ್ತಿತು, ಆದರೆ ನಂಬರು ಸತ್ತಿತ್ತು. ಅಷ್ಟು ಕಾಲ ಬಳಸದ ನಂಬರನ್ನು ಮುಚ್ಚಿದ್ದಾರೆ, ಮತ್ತೆ ತೆರೆಯಬೇಕಾದರೆ ಕೋರ್ಟಿನ ಕಾಗದ ತರಬೇಕು ಎಂದು ಕಂಪನಿಯ ಅಂಗಡಿಯಲ್ಲಿ ಹೇಳಿದರು. ಫೋನು ತೆರೆಯಲು ಪರದೆಯ ಮೇಲೆ ಅಪ್ಪ ಎಳೆಯುತ್ತಿದ್ದ ಗೆರೆ ಯಾಯ್ರಾಳಿಗೆ ಗೊತ್ತಿತ್ತು. ಅವಳು ತನ್ನ ಫೋನಿನಿಂದ ಇದಕ್ಕೆ ಇಂಟರ್ನೆಟ್ಟು ಹಂಚಿದಳು. ಸೆನ್ಯೊನ ಇಮೇಲಿನಲ್ಲಿ ಮೋಟಾರಿನ ಬಿಡಿಭಾಗಗಳ ಜಾಹೀರಾತು ತುಂಬಿತ್ತು. ಕಾಲೇಜಿನ ಸುದ್ದಿಯೇ ಇಲ್ಲ. ಅಣ್ಣ ತನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಿದ್ದನೇನೋ ಎಂದು ಎನ್ಯೊನಾಮಳಿಗೆ ಅನಿಸಿತು. ಹಾಗೆ ಅನಿಸಿದ್ದು ಒಂದು ಕ್ಷಣ ಹಗುರವಾಗಿಯೂ ಇತ್ತು.

ಯಾಯ್ರಾ ಬೆರಳಾಡಿಸುತ್ತಾ ಜುಲೈವರೆಗೆ ಹಿಂದೆ ಹೋದಳು. ಅಲ್ಲಿ ಜಾಹೀರಾತಿನ ನಡುವೆ ಒಂದು ಚಿಕ್ಕ ಪತ್ರ. ಹೊಸದೊಂದು ಇಮೇಲು ತೆರೆಯಲಾಗಿದೆ, ಅದರ ಪಾಸ್‌ವರ್ಡು ಮರೆತರೆ ಈ ಹಳೆಯ ವಿಳಾಸಕ್ಕೆ ತಿಳಿಸಲಾಗುವುದು ಎಂದು. ಹೊಸ ವಿಳಾಸದಲ್ಲಿದ್ದದ್ದು ಯಾಯ್ರಾಳ ಹೆಸರು.

"ಅಪ್ಪ ನನ್ನ ಹೆಸರಲ್ಲೇ ಒಂದು ಮಾಡಿದಾರೆ ಅತ್ತೆ. ಬಜಾರಿನ ಕಂಪ್ಯೂಟರ್ ಅಂಗಡೀಲಿ ಮಾಡಿರಬೇಕು, ಅದಕ್ಕೇ ಫೋನಲ್ಲಿಲ್ಲ."

ಪಾಸ್‌ವರ್ಡು ಮರೆತಿದೆ ಎಂದು ಒತ್ತಿದಳು. ಹಳೆಯ ವಿಳಾಸಕ್ಕೆ ಸಂಖ್ಯೆಯೊಂದು ಬಂತು. ಅದನ್ನು ತುಂಬಿದ ಕೂಡಲೇ ಹೊಸದು ತೆರೆದುಕೊಂಡಿತು. ಮೂಲೆಯಲ್ಲಿ ಅವಳದೇ ಮುಖ. ಚರ್ಚಿನ ಸುಗ್ಗಿ ಹಬ್ಬದ ಪಟದಿಂದ ಅಪ್ಪ ಕತ್ತರಿಸಿ ಹಾಕಿದ್ದ. ಪಕ್ಕದಲ್ಲಿ ಯಾರದೋ ಮೊಣಕೈ ಉಳಿದುಬಿಟ್ಟಿತ್ತು.

ಒಳಗೆ ಎರಡೇ ಪತ್ರ. ಬೆಟ್ಟದ ಕಡೆಯ ಒಂದು ಕಾಲೇಜಿನವು. ಮೊದಲನೆಯದು ಅಕ್ಟೋಬರಿನದು: ನಿಮ್ಮನ್ನು ಆರಿಸಿದ್ದೇವೆ, ಇಂಥ ತಾರೀಖಿನೊಳಗೆ ಒಪ್ಪಿಗೆ ತಿಳಿಸಿ. ಎರಡನೆಯದು ನವೆಂಬರಿನದು: ನಿಮ್ಮಿಂದ ಉತ್ತರ ಬಾರದ್ದರಿಂದ ಸೀಟನ್ನು ಮುಂದಿನವರಿಗೆ ಕೊಟ್ಟಿದ್ದೇವೆ.

ಯಾಯ್ರಾ ಅಳಲಿಲ್ಲ. ಫೋನನ್ನು ಹಿಟ್ಟಿನ ಮೇಜಿನ ಮೇಲಿಟ್ಟು, ಹೊರಗೆ ಹೋಗಿ, ಬ್ರೆಡ್ಡಿನ ತಗಡುಗಳನ್ನು ಉಜ್ಜತೊಡಗಿದಳು. ಬೆಳಿಗ್ಗೆ ಉಜ್ಜಿದ್ದವನ್ನೇ. ಎನ್ಯೊನಾಮ್ ಕಾಲೇಜಿಗೆ ಫೋನು ಮಾಡಿದಳು. ಆ ಕಡೆಯ ಹೆಂಗಸು ಸಾವಿಗೆ ಸಂತಾಪ ಹೇಳಿ, ಪಾಠ ಶುರುವಾಗಿ ಬಹಳ ದಿನವಾಯಿತೆಂದೂ ಬರುವ ವರ್ಷ ಮತ್ತೆ ಅರ್ಜಿ ಹಾಕಲೆಂದೂ ಹೇಳಿದಳು. ಪತ್ರ ನೋಡಿ ಒಪ್ಪಿಗೆ ಕಳಿಸುವುದು ಒಂದು ಬೆಳಗಿನ ಕೆಲಸವಾಗಿತ್ತು. ಅಕ್ಟೋಬರಿನಲ್ಲಿ ನಂಬರೂ ಬದುಕಿತ್ತು.

ಸುದ್ದಿ ಡೊತ್ಸೆ ದೊಡ್ಡಪ್ಪನಿಗೆ ಹೇಗೋ ಮುಟ್ಟಿತು. ಸಂಜೆ ಕೋಲೂರಿಕೊಂಡು ಬಂದು ಒಲೆಮನೆಯ ಬೆಂಚಿನ ಮೇಲೆ ಕುಳಿತು, ಆ ಪತ್ರ ಓದಿ ಹೇಳು ಎಂದು ಯಾಯ್ರಾಳನ್ನು ಕೇಳಿದರು. ಅವಳು ಮೊದಲನೆಯದನ್ನು ಓದಿ ಊರ ಮಾತಿನಲ್ಲಿ ಬಿಡಿಸಿ ಹೇಳಿದಳು. ಇನ್ನೊಮ್ಮೆ ಓದಿಸಿದರು. ಕೊನೆಯ ತಾರೀಖಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದರು.

"ಅವತ್ತು ನಾವು ಬಟ್ಟೆ ಆರಿಸಿದ ದಿನ."

ಎನ್ಯೊನಾಮಳಿಗೂ ನೆನಪಿತ್ತು. ಮನೆಯವರೆಲ್ಲ ಸಾವಿನ ಬಟ್ಟೆಗೆ ಒಂದೇ ಬಗೆಯ ಚಿತ್ತಾರ ಆರಿಸಲು ಬಜಾರಿಗೆ ಹೋಗಿ, ದೊಡ್ಡ ಹೂವೋ ಸಣ್ಣ ಹೂವೋ ಎಂದು ಮಧ್ಯಾಹ್ನದವರೆಗೂ ಜಗಳವಾಡಿದ್ದರು. ಗೆದ್ದದ್ದು ದೊಡ್ಡಪ್ಪನೇ. ಕತ್ತಲೆಯಾದರೂ ಅವರು ಎದ್ದುಹೋಗಲಿಲ್ಲ.

"ನೀನು ಇನ್ನೊಂದ್ಸಲ ಬಂದು ಕೇಳಬೇಕಿತ್ತು ಎನ್ಯೊ."

"ಬಂದಿದ್ದೆ ದೊಡ್ಡಪ್ಪ. ಬ್ರೆಡ್ಡು ಕೊಟ್ಟು ಹೋದೆ."

ಅವರು ಕೋಲಿನ ತುದಿಯಿಂದ ನೆಲದ ಹಿಟ್ಟಿನ ಪುಡಿಯನ್ನು ಒಂದು ಕಡೆ ಸರಿಸುತ್ತಾ ಕುಳಿತರು.

"ಹೌದು. ಬಿಸಿ ಇತ್ತು."

ಎನ್ಯೊನಾಮ್ ಒರೆಸುವ ಬಟ್ಟೆ ತಂದಳು. ಮೇಜು ಒರೆಸಬೇಕಿತ್ತು. ನಾಳೆಯ ಹಿಟ್ಟು ನಾದಲು ಜಾಗ ಬೇಕು. ಅವಳು ಅಣ್ಣನ ಫೋನನ್ನು ಕೈಗೆತ್ತಿಕೊಂಡು, ಇನ್ನು ಇದನ್ನು ಆರಿಸಿ ಒಳಗಿಡುತ್ತೇನೆ ಎಂದಳು.

"ಅದನ್ನ ಆರಿಸಬೇಡ," ದೊಡ್ಡಪ್ಪ ಹೇಳಿದರು. "ಯಾರಾದ್ರೂ ಕರೀಬಹುದು."

"ನಂಬರು ಸತ್ತಿದೆ ಅಜ್ಜ," ಎಂದಳು ಯಾಯ್ರಾ.

"ಗೊತ್ತು. ಆದ್ರೂ ಇರ್ಲಿ."

ಯಾಯ್ರಾ ಅತ್ತೆಯ ಕೈಯಿಂದ ಫೋನು ತೆಗೆದುಕೊಂಡು, ಒಲೆಯ ಕಾವು ತಾಗದ ಹಾಗೆ ಕಿಟಕಿಯ ಪಕ್ಕಕ್ಕೆ ಸರಿಸಿ, ಮತ್ತೆ ಚಾರ್ಜಿಗೆ ಸಿಕ್ಕಿಸಿದಳು.