ಚಿಕ್ಕಮ್ಮಿಯ ಒಳಲೆ

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಾನು ಬಂಗಾರವಲ್ಲ, ಅಪ್ಪಟ ಬೆಳ್ಳಿ. ಹಾಗಾಗಿ ಮಾತಾಡಿಯೇ ತೀರುತ್ತೇನೆ.

ನಾನು ಒಂದು ಒಳಲೆ. ಹಸುಗೂಸಿಗೆ ಹಾಲು ಕುಡಿಸುವ, ಅಂಗೈಯಲ್ಲಿ ಅಡಗುವ ಪುಟ್ಟ ಬಟ್ಟಲು; ಒಂದು ಕಡೆ ಉದ್ದಕ್ಕೆ ಚಾಚಿದ ಮೂತಿ. ಹೊಳೆನರಸೀಪುರದಲ್ಲಿ ವೀರಭದ್ರಾಚಾರಿ ಎಂಬ ಅಕ್ಕಸಾಲಿ ನನ್ನನ್ನು ಮಾಡಿದ. ಅದಕ್ಕೂ ಮೊದಲು ನಾನು ಯಾರದೋ ಕಾಲ ಕಡಗವಾಗಿದ್ದೆನಂತೆ. ಆ ಜನ್ಮದ ನೆನಪು ನನಗಿಲ್ಲ. ಕಾಲಲ್ಲಿ ಬಿದ್ದಿದ್ದ ನನ್ನನ್ನು ಬಾಯಿಯವರೆಗೆ ಏರಿಸಿದ ಪುಣ್ಯಾತ್ಮ ಆ ಆಚಾರಿ ಎಂಬುದಷ್ಟು ಗೊತ್ತು. ತಟ್ಟಿ, ಬಗ್ಗಿಸಿ, ಉಜ್ಜಿ ಮುಗಿಸಿದ ಮೇಲೆ ಅವನು ನನ್ನ ಅಂಚನ್ನು ತನ್ನ ಕೆಳತುಟಿಗೆ ಒತ್ತಿ ಮೆಲ್ಲಗೆ ಎಳೆದು ನೋಡಿದ. ಎಲ್ಲೋ ಒಂದು ಕಡೆ ತರಿ ಸಿಕ್ಕಿತು. ಮತ್ತೆ ಉಜ್ಜಿದ, ಮತ್ತೆ ತುಟಿಗಿಟ್ಟ. ಅವನ ಮೀಸೆ ಚುಚ್ಚಿದ್ದೇ ಈ ಲೋಕದಲ್ಲಿ ನನಗಾದ ಮೊದಲ ಅನುಭವ.

ನನ್ನಿಂದ ಮೊದಲು ಹಾಲು ಕುಡಿದವಳು ಹೊಂಬಾಳಮ್ಮ. ಅವಳನ್ನು ನಾನು ಹಲ್ಲು ಬರುವ ಮೊದಲಿನಿಂದ ಬಲ್ಲೆ, ಈಗ ಹಲ್ಲು ಉದುರುವುದನ್ನೂ ನೋಡುತ್ತಿದ್ದೇನೆ. ಅವಳ ತಮ್ಮಂದಿರು, ಆಮೇಲೆ ಅವಳ ಮಗಳು ಮಂಗಳಗೌರಿ, ನಡುವೆ ಕೇರಿಯ ಕೂಸುಗಳೆಲ್ಲ ನನ್ನ ಮೂತಿಗೆ ಬಾಯಿಟ್ಟವರೇ. ಹಾಗೆಂದು ಅವರಿಗೆಲ್ಲ ನಾನೆಂದರೆ ಪಂಚಪ್ರಾಣ ಅಂದುಕೊಳ್ಳಬೇಡಿ. ಅಜ್ಜಿಯರು ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಕೆನ್ನೆ ಅದುಮಿ, ಗೊಟಕ್ಕನೆ ಸುರಿಯುತ್ತಿದ್ದರು. ಹಾಲಾದರೆ ಹೇಗೋ ಸೈ. ಹರಳೆಣ್ಣೆಯ ದಿನ ಮಾತ್ರ ನನ್ನನ್ನು ಕಂಡ ಕೂಡಲೇ ಕೂಸುಗಳು ಕೇರಿ ಒಂದಾಗುವಂತೆ ಅರಚುತ್ತಿದ್ದವು. ನಾನೇನು ಮಾಡಲಿ? ಕೊಟ್ಟದ್ದನ್ನು ಸುರಿಯುವುದಷ್ಟೇ ನನ್ನ ಕೆಲಸವಾಗಿತ್ತು.

ಆಮೇಲೆ ರಬ್ಬರ್ ಮೂತಿಯ ಬಾಟಲಿಗಳು ಬಂದವು. ಹೊಂಬಾಳಮ್ಮ ನನ್ನನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಪೆಟ್ಟಿಗೆ ಮತ್ತೆ ತೆರೆಯುವವರೆಗೆ ನಡೆದದ್ದೆಲ್ಲ ನಾನು ಕಿವಿಯಲ್ಲಿ ಕೇಳಿದ್ದೇ ಹೊರತು ಕಣ್ಣಾರೆ ಕಂಡದ್ದಲ್ಲ.

ಮಂಗಳನ ಮದುವೆ ಕೇಳಿಸಿತು. ಗಂಡ ಚೆಲುವರಾಜು, ಹಾಸನದಲ್ಲಿ ಸಣ್ಣ ಬೇಕರಿ ಇಟ್ಟವನು. ಹೊಂಬಾಳಮ್ಮ ಹಳೇ ಕಾಲದ ಅತ್ತೆ. ಅಳಿಯನ ಎದುರು ನಿಲ್ಲುವುದಿಲ್ಲ, ಅಳಿಯನೊಡನೆ ನೇರ ಮಾತಿಲ್ಲ. ಅವನು ಊಟಕ್ಕೆ ಕೂತರೆ ಬಾಗಿಲ ಮರೆಯಿಂದ, "ಮಂಗಳಾ, ನಿನ್ ಗಂಡಂಗೆ ಇನ್ನೊಂದ್ ಮುದ್ದೆ ಬೇಕಾ ಕೇಳು" ಅನ್ನುತ್ತಿದ್ದಳು. ಅವನು, "ಸಾಕು ಅಂತ ಹೇಳು ನಿಮ್ಮವ್ವಂಗೆ" ಅನ್ನುತ್ತಿದ್ದ. ಮಂಗಳ ಬಾಯಿ ತುಂಬ ಅನ್ನ ಇಟ್ಟುಕೊಂಡು ಇಬ್ಬರಿಗೂ "ಹೂಂ ಹೂಂ" ಅನ್ನುತ್ತಿದ್ದಳು. ಮದುವೆಯಾಗಿ ವರ್ಷಗಳು ಕಳೆದರೂ ಈ ಮರ್ಯಾದೆ ಸಡಿಲವಾಗಲಿಲ್ಲ.

ಒಂದು ಬೆಳಿಗ್ಗೆ ಪೆಟ್ಟಿಗೆ ತೆರೆಯಿತು. ಮಂಗಳನಿಗೆ ಅವಳಿ ಹೆಣ್ಣುಮಕ್ಕಳು, ದಿನ ತುಂಬುವ ಮೊದಲೇ ಅವಸರದಿಂದ ಬಂದುಬಿಟ್ಟಿದ್ದರು. ಹೊಂಬಾಳಮ್ಮ ನನ್ನನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು.

ಹಾಸನದ ದೊಡ್ಡಾಸ್ಪತ್ರೆಯ ಆ ವಾರ್ಡಿನಂಥ ಜಾಗವನ್ನು ನಾನು ಎಂದೂ ಕಂಡಿರಲಿಲ್ಲ. ಗಾಜಿನ ಪೆಟ್ಟಿಗೆಗಳು, ಒಂದೊಂದರಲ್ಲೂ ಒಂದೊಂದು ಜೀವ, ಮೈಗೆ ಅಂಟಿಸಿದ ತಂತಿ, ಮೂಗಿಗೆ ನಳಿಗೆ. ಪಕ್ಕದಲ್ಲಿ ಪಿಂಯ್ ಪಿಂಯ್ ಅನ್ನುವ ಯಂತ್ರ. ಚೆಲುವರಾಜು ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ. "ನಮ್ ಬ್ರೆಡ್ಡಷ್ಟೂ ಇಲ್ವಲ್ಲ ಸಿಸ್ಟರ್" ಅಂದ. ಅಷ್ಟು ಹೇಳಿ ಅತ್ತುಬಿಟ್ಟ.

"ಬ್ರೆಡ್ಡು ಒಲೇಲಿಟ್ಟ ಮೇಲೆ ತಾನೇ ಉಬ್ಬೋದು? ಇಟ್ಟಿದೀವಲ್ಲ, ಇರಿ" ಅಂದಳು ಸಿಸ್ಟರ್ ಜಯಶೀಲಾ. ಆ ವಾರ್ಡೆಲ್ಲ ಅವಳ ಕೈಯಲ್ಲಿತ್ತು, ಜೊತೆಗೆ ಅಲ್ಲಿ ನಗುವ ಹಕ್ಕೂ ಇತ್ತು.

ಹೊಂಬಾಳಮ್ಮನ ಚಿಂತೆ ಬೇರೆ. ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟರದು ಉಳಿಯುವುದಿಲ್ಲ ಎಂದು ಅವಳ ಅವ್ವ ಹೇಳಿದ್ದಳು. ಇವು ಎಂಟರಲ್ಲಿ ಹುಟ್ಟಿದ್ದವು. ಸಿಸ್ಟರ್ ಹತ್ತಿರ ಹೋಗಿ ಗುಟ್ಟಾಗಿ, "ತಾಯೀ, ಏಳು ಅಂತ್ಲೇ ಬರ್ಕೊಳ್ಳವ್ವಾ. ಎಂಟು ಬ್ಯಾಡ" ಅಂದಳು.

"ಅಜ್ಜೀ, ಹೊಟ್ಟೇಲಿ ಒಂದು ದಿನ ಜಾಸ್ತಿ ಇದ್ದಷ್ಟೂ ಲಾಭ. ಎಂಟು ಆಗಿದ್ದಕ್ಕೇ ನಾನು ನಗ್ತಾ ಇರೋದು" ಅಂದಳು ಸಿಸ್ಟರ್. ಹೊಂಬಾಳಮ್ಮ ನಂಬಲಿಲ್ಲ, ಆದರೆ ಮುಖದ ಬಿಗುವು ಸ್ವಲ್ಪ ಇಳಿಯಿತು.

ಹೆಸರಿಡುವ ಶಾಸ್ತ್ರ ಆಗುವವರೆಗೆ ಹೆಸರಿಲ್ಲ. ಮೊದಲು ಬಂದವಳು ದೊಡ್ಡಮ್ಮಿ, ಅವಳ ಬೆನ್ನಿಗೇ ಬಂದವಳು ಚಿಕ್ಕಮ್ಮಿ. ಇಬ್ಬರಿಗೂ ಮೊದಲಿಗೆ ಮೂಗಿನ ನಳಿಗೆಯಲ್ಲೇ ಹಾಲು. ಮಂಗಳ ಎದೆಹಾಲನ್ನು ಕೈಯಿಂದ ಹಿಂಡಿ ಬಟ್ಟಲಿಗೆ ತೆಗೆಯಬೇಕಿತ್ತು. ಮೊದಲ ದಿನ ಎಷ್ಟು ಹೆಣಗಿದರೂ ಬಟ್ಟಲ ತಳ ಒದ್ದೆಯಾಯಿತು, ಅಷ್ಟೇ. ಅವಳು ಗೋಡೆ ಕಡೆ ತಿರುಗಿ ಬಿಕ್ಕಿದಳು. "ಎರಡು ಮಕ್ಳು ಹೆತ್ತೆ, ಒಬ್ಳಿಗೂ ಹಾಲಿಲ್ವಲ್ಲ ಅವ್ವಾ."

ಸಿಸ್ಟರ್ ಆ ಬಟ್ಟಲನ್ನು ದೇವರ ತೀರ್ಥದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಳು. "ಇವರ ಹೊಟ್ಟೆ ಇರೋದೇ ನೆಲ್ಲಿಕಾಯಷ್ಟು. ಇದೇ ಇವತ್ತಿನ ಹಬ್ಬದೂಟ." ದಿನ ಕಳೆದಂತೆ ಬಟ್ಟಲು ತುಂಬತೊಡಗಿತು. ಅದು ತುಂಬಿ ತುಳುಕಿದ ದಿನ ಮಂಗಳ ಪಕ್ಕದ ಹಾಸಿಗೆಯವರಿಗೆಲ್ಲ ತೋರಿಸಿಕೊಂಡು ಬಂದಳು.

ಇನ್ನು ಬಾಯಲ್ಲಿ ಕುಡಿಯುವುದನ್ನು ಕಲಿಸಬೇಕು ಎಂದಾಯಿತು. ಬಾಟಲಿ ಬೇಡವೇ ಬೇಡ, ಒಳಲೆಯೇ ಬೇಕು ಅಂದಳು ಸಿಸ್ಟರ್. ಆ ಮಾತು ಕೇಳಿ ನನಗಾದ ಹಿಗ್ಗನ್ನು ಏನೆಂದು ಹೇಳಲಿ! ಹೊಂಬಾಳಮ್ಮ ಗಂಟು ಬಿಚ್ಚಿ ನನ್ನನ್ನು ಮುಂದಿಟ್ಟಳು. ಹುಣಸೆಹಣ್ಣು, ವಿಭೂತಿ ಹಚ್ಚಿ ಸ್ನಾನ ಮಾಡಿಸಿಕೊಂಡ ನನ್ನನ್ನು ಸಿಸ್ಟರ್ ಮೊಟ್ಟೆ ಬೇಯಿಸಿದ ಹಾಗೆ ಕುದಿಯುವ ನೀರಿಗೆ ಹಾಕಿದಳು. ಒಂದು ಕೂಸಿನದು ಇನ್ನೊಂದಕ್ಕೆ ತಾಗಬಾರದು ಎಂಬ ಕಟ್ಟಪ್ಪಣೆ ಬೇರೆ. ದೊಡ್ಡಮ್ಮಿಗೆ ಆಸ್ಪತ್ರೆಯ ಸ್ಟೀಲ್ ಒಳಲೆ, ಚಿಕ್ಕಮ್ಮಿಗೆ ನಾನು. ಆ ಸ್ಟೀಲಿನವನ ಪಕ್ಕ ಕೂರುವುದೇ ನನಗೆ ಕಡಿಮೆ ಅನ್ನಿಸಿತ್ತು. ಆದರೆ ದೊಡ್ಡಮ್ಮಿ ಮೊದಲ ದಿನವೇ ಅವನಿಂದ ಚಪ್ಪರಿಸಿ ಕುಡಿದಳು.

ನಮ್ಮ ಸರದಿ ಬಂತು. ಹೊಂಬಾಳಮ್ಮ ಚಿಕ್ಕಮ್ಮಿಯನ್ನು ಎತ್ತಿಕೊಂಡು, ಅಭ್ಯಾಸಬಲದಿಂದ ಕೆನ್ನೆ ಅದುಮಿ ನನ್ನನ್ನು ಬಗ್ಗಿಸಿಬಿಟ್ಟಳು. ನಾನೂ ಅಭ್ಯಾಸಬಲದಿಂದ ಸುರಿದೆ. ಕೂಸು ಕೆಮ್ಮಿತು. ಕೆಮ್ಮು ನಿಂತಿತು, ಉಸಿರೂ ನಿಂತಿತು. ತುಟಿ ನೀಲಿಗೆ ತಿರುಗಿತು, ಯಂತ್ರ ಕೂಗಿಕೊಂಡಿತು. ಸಿಸ್ಟರ್ ಓಡಿ ಬಂದು ಕೂಸನ್ನು ಕಿತ್ತುಕೊಂಡು, ಮಗ್ಗುಲಿಗೆ ತಿರುಗಿಸಿ ಹಾಲು ತೆಗೆದು ಬೆನ್ನು ಉಜ್ಜಿದಳು. ಚಿಕ್ಕಮ್ಮಿ ಅತ್ತಳು. ಆ ಅಳುವಿನಷ್ಟು ಇಂಪಾದದ್ದನ್ನು ನಾನು ಇವತ್ತಿಗೂ ಕೇಳಿಲ್ಲ.

"ಹೀರೋದು, ನುಂಗೋದು, ಉಸಿರಾಡೋದು, ಮೂರನ್ನೂ ಇವಳು ಈಗ ಕಲೀತಿದಾಳೆ ಅಜ್ಜೀ. ಸುರಿದ್ರೆ ಆಗಲ್ಲ" ಅಂದಳು ಸಿಸ್ಟರ್, ಬೈಯದೆ. ಬೈದಿದ್ದರೆ ಚೆನ್ನಾಗಿತ್ತು. ಹೊಂಬಾಳಮ್ಮ ನನ್ನನ್ನು ಕೆಳಗಿಟ್ಟು, "ಇನ್ನು ನಾನು ಮುಟ್ಟಲ್ಲ" ಎಂದು ಮೂಲೆಗೆ ಹೋಗಿ ಕೂತಳು.

ಮಾರನೆಯ ದಿನ ಡಾಕ್ಟರ್ ಇಂದುಧರ್ ಬಂದರು. ದೊಡ್ಡಮ್ಮಿ ಗೆದ್ದಿದ್ದಾಳೆ, ತಾಯಿಯ ಜೊತೆ ಮನೆಗೆ ಹೋಗಬಹುದು; ಚಿಕ್ಕವಳು ಬಾಯಲ್ಲಿ ಕುಡಿದು ನಳಿಗೆ ತೆಗೆಯುವವರೆಗೆ ಇಲ್ಲೇ ಇರಬೇಕು ಅಂದರು.

"ಹೊಟ್ಟೇಲಿ ತಬ್ಕೊಂಡು ಮಲಗಿದ್ದೋರು ಡಾಕ್ಟ್ರೇ" ಅಂದಳು ಮಂಗಳ. "ಒಬ್ಳನ್ನ ಬಿಟ್ಟು ಒಬ್ಳನ್ನ ಎತ್ಕೊಂಡು ನಾನು ಆ ಬಾಗ್ಲು ದಾಟಲ್ಲ."

ಡಾಕ್ಟರು ತುಸು ಯೋಚಿಸಿದರು. ಹೊರಗೆ ಬೇರೆ ಬಾಣಂತಿಯರು ಹಾಸಿಗೆಗೆ ಕಾಯುತ್ತಿದ್ದರು. "ಸೋಮವಾರದವರೆಗೆ ಇರಿ. ಅಷ್ಟರಲ್ಲಿ ಕುಡಿದ್ರೆ ಇಬ್ರೂ ಹೋಗ್ತಾರೆ. ಇಲ್ಲಾಂದ್ರೆ ನೀವು ಹಟ ಮಾಡಬಾರದು." ಅದು ನ್ಯಾಯವಾದ ಮಾತೇ, ಆದರೆ ಆ ವಾರ ಸೋಮವಾರ ಬಹಳ ಹತ್ತಿರದಲ್ಲಿತ್ತು.

ಮಕ್ಕಳನ್ನು ಬರಿ ಎದೆಗೆ ಆನಿಸಿ ಬೆಚ್ಚಗೆ ಕಟ್ಟಿಕೊಂಡು ಕೂರುವ ಪದ್ಧತಿ ಅಲ್ಲಿತ್ತು. ಹಾಗಿದ್ದರೆ ಕೂಸಿನ ಉಸಿರು ಹದಕ್ಕೆ ಬರುತ್ತದೆ, ಹಸಿವೂ ಕೆರಳುತ್ತದೆ. ಆದರೆ ತಾಯಿ ಒಬ್ಬಳು, ಕೂಸು ಎರಡು. ಸಿಸ್ಟರ್ ಚೆಲುವರಾಜುವನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮೆದೆ ಖಾಲಿ ಇದೆಯಲ್ಲ, ಅಂಗಿ ಬಿಚ್ಚಿ" ಅಂದಳು.

ಹೊಂಬಾಳಮ್ಮ "ಸಿವನೇ!" ಎಂದು ಗೋಡೆಗೆ ಮುಖ ಮಾಡಿದಳು. ಬಾಣಂತಿಯರ ವಾರ್ಡಿನಲ್ಲಿ ಬರಿಮೈ ಗಂಡಸು, ಅದೂ ಅಳಿಯ! ಹಸಿರು ಪರದೆ ಎಳೆದರು. ಚಿಕ್ಕಮ್ಮಿಯನ್ನು ಅವನೆದೆಗೆ ಆನಿಸಿ ಬಟ್ಟೆ ಸುತ್ತಿ ಕಟ್ಟಿದರು. ಎಷ್ಟು ತಿಕ್ಕಿ ತೊಳೆದರೂ ಏಲಕ್ಕಿ ವಾಸನೆ ಬಿಡದ ಎದೆ ಅದು. ಕೂಸು ಅಲ್ಲಿ ಕೆನ್ನೆಯೂರಿ, ಗುಬ್ಬಿಯಂತೆ ಮುದುಡಿ ಕೂತಿತು. ಯಂತ್ರವೂ ಕಿರಿಕಿರಿ ಬಿಟ್ಟು ತಾಳ ಹಿಡಿಯಿತು.

ಅವಳು ಎಚ್ಚರಗೊಂಡು ತುಟಿ ಅಲುಗಿಸಿದಾಗ ಸಿಸ್ಟರ್ ನನ್ನನ್ನು ಅವನ ಕೈಗೆ ಕೊಟ್ಟಳು. ಇಷ್ಟು ಕಾಲದಲ್ಲಿ ಯಾವ ಗಂಡಸೂ ಕೂಸಿಗೆ ಕುಡಿಸಲು ನನ್ನನ್ನು ಹಿಡಿದಿರಲಿಲ್ಲ. ಕಾದ ಟ್ರೇ ಹಿಡಿದು ಜಡ್ಡುಗಟ್ಟಿದ ಬೆರಳುಗಳು. ಮೊದಲ ಸಲ ಹಾಲೆಲ್ಲ ಕೂಸಿನ ಕತ್ತಿಗಿಳಿಯಿತು.

"ತುಟಿಗೆ ತಾಗಿಸಿ ಸುಮ್ಮನೆ ಕಾಯಿರಿ. ಅವಳೇ ತಗೋತಾಳೆ" ಅಂದಳು ಸಿಸ್ಟರ್.

"ಕಾಯೋದು ನಂಗೊತ್ತು" ಅಂದ ಅವನು. "ಗದರಿಸಿದ್ರೆ ಹಿಟ್ಟು ಉಬ್ಬುತ್ತಾ?"

ಕಾದ. ನಾನೂ ಕಾದೆ, ಸುರಿಯದೆ. ಹಾಲು ನನ್ನ ಮೂತಿಯ ತುದಿಗೆ ಬಂದು ನಿಂತಿತ್ತು. ಆಗ ಚಿಕ್ಕಮ್ಮಿಯ ನಾಲಿಗೆ ಹೊರಗೆ ಬಂತು. ಬೆಕ್ಕಿನ ಮರಿಯ ನಾಲಿಗೆಯಷ್ಟು. ಒಂದು ಸಲ ನೆಕ್ಕಿತು. ನುಂಗಿತು. ಉಸಿರಾಡಿತು. ಮತ್ತೆ ಬಂತು. ನನ್ನಿಂದ ಎಷ್ಟೋ ಬಾಯಿಗೆ ಹಾಲು ಹೋಗಿದೆ, ಆದರೆ ಒಂದು ಕೂಸು ತಾನಾಗಿ ನನ್ನನ್ನು ಬೇಕೆಂದು ಕೇಳಿದ್ದು ಅದೇ ಮೊದಲು. ನನ್ನ ಮೈಯೆಲ್ಲ ಜುಮ್ಮೆಂದಿತು.

ಆದರೆ ನಾನು ಬರಿದಾದಾಗ ತುಂಬುವವರು ಯಾರು? ಅವನ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ನಾನು. ಮಂಗಳ ದೊಡ್ಡಮ್ಮಿಯನ್ನು ಕಟ್ಟಿಕೊಂಡು ಪಕ್ಕದ ಕುರ್ಚಿಯಲ್ಲಿದ್ದಳು. ಸಿಸ್ಟರಿಗೆ ಬೇರೆ ಕೂಸುಗಳ ಕರೆ. ಹೊಂಬಾಳಮ್ಮನೇ ಏಳಬೇಕಾಯಿತು. ತಲೆ ತುಂಬ ಸೆರಗು, ಮುಖ ಕಿಟಕಿಯ ಕಡೆ, ಕೈಯಲ್ಲಿ ಹಾಲಿನ ಬಟ್ಟಲು. ನೋಡದೆ ಬಗ್ಗಿಸಿದಳು. ಹಾಲು ಅಳಿಯನ ಮೊಣಕಾಲಿಗೆ ಬಿತ್ತು.

"ಸ್ವಲ್ಪ ಈ ಕಡೆ ಅಂತ ಹೇಳೇ ನಿಮ್ಮವ್ವಂಗೆ" ಅಂದ ಅವನು ಹೆಂಡತಿಗೆ. ಎರಡನೆಯ ಸಲ ಹೊಂಬಾಳಮ್ಮ ಅರೆಗಣ್ಣಲ್ಲಿ ನೋಡಿ ಸುರಿದಳು. ಮೂರನೆಯ ಸಲಕ್ಕೆ ಕೂಸಿನ ನಾಲಿಗೆ ಕಣ್ಣಿಗೆ ಬಿತ್ತು. ಸೆರಗು ಜಾರಿತು.

"ಅಳಿಯಂದ್ರೇ, ನಿಲ್ಸಿ ನಿಲ್ಸಿ! ಉಸ್ರು ತಗೊಳ್ಲಿ… ಹಾಂ, ಈಗ ಕೊಡಿ. ಅಯ್ಯೋ ನನ್ ಬಂಗಾರಾ!"

ಪಕ್ಕದಲ್ಲಿ ಮಂಗಳ ನಗು ತಡೆಯಲಾರದೆ ದೊಡ್ಡಮ್ಮಿಯ ಸಮೇತ ಕುಲುಕಿದಳು. "ಅವ್ವಾ, ಯಾರ್ ಜೊತೆ ಮಾತಾಡ್ತಿದೀಯ ಗೊತ್ತಾ?" ಹೊಂಬಾಳಮ್ಮ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಡಿದ್ದಾಗಿತ್ತು. ಚೆಲುವರಾಜು ತಲೆ ತಗ್ಗಿಸಿ, ಕಿವಿಯವರೆಗೆ ನಗುತ್ತಾ, "ಹೂಂ ಅತ್ತೆ" ಅಂದ.

ಆಮೇಲಿನ ದಿನಗಳು ಹಬ್ಬವೇ. ಒಂದು ಹೊತ್ತು ಅರ್ಧ ಕುಡಿಯುವಳು, ಒಂದು ಹೊತ್ತು ನಡುವೆಯೇ ನಿದ್ದೆ ಹೋಗುವಳು. ಅಂಗಾಲು ಕೆರೆದು ಎಬ್ಬಿಸಿ ಮತ್ತೆ ಕುಡಿಸುವರು. ಭಾನುವಾರ ಸಂಜೆ ಪೂರ್ತಿ ಕುಡಿದಳು. ಅಂದೇ ಹೊಂಬಾಳಮ್ಮ ಅಳಿಯನ ಮುಂದೆ ಬಂದು ನಿಂತು, ಕಣ್ಣು ನೆಲಕ್ಕಿಟ್ಟು, "ನಂಗೂ ವಸಿ ಹೇಳ್ಕೊಡಿ" ಅಂದಳು. ನನ್ನೊಳಗೆ ನೀರು ತುಂಬಿ, ತನ್ನ ಅಂಗೈಗೆ ತಾಗಿಸಿ, ಸುರಿಯದೆ ಬಗ್ಗಿಸುವುದನ್ನು ಅವನು ತೋರಿಸಿದ. ಅವಳು ಶಾಲೆಯ ಹುಡುಗಿಯ ಹಾಗೆ ಮಾಡಿ ಮಾಡಿ ನೋಡಿದಳು.

ಸೋಮವಾರ ನಳಿಗೆ ತೆಗೆದು ಡಾಕ್ಟರ್ ಕೇಳಿದರು, "ಮನೇಲಿ ಕುಡಿಸೋರು ಯಾರು?"

ಚೆಲುವರಾಜು ಹಗಲೆಲ್ಲ ಬೇಕರಿಯಲ್ಲಿರುವವನು, ಬಾಣಂತನ ತಾಯಿಮನೆಯಲ್ಲಿ. "ನಮ್ಮತ್ತೆ" ಅಂದ.

"ಹಾಗಾದ್ರೆ ಅವರೇ ಕುಡಿಸಿ ತೋರಿಸಲಿ."

ಹೊಂಬಾಳಮ್ಮನ ಮುಖ ಬಿಳಿಚಿತು. ಉಸಿರು ನಿಲ್ಲಿಸಿದ ಕೈ ಇದೇ. ಅವಳು ಮಂಗಳನನ್ನು ನೋಡಿದಳು, ಆಮೇಲೆ ಅಳಿಯನನ್ನು ನೋಡಿದಳು. "ಕಾಯಿರಿ ಅತ್ತೆ, ಅಷ್ಟೇ" ಅಂದ ಅವನು. ಕೂಸಿನ ತುಟಿಗೆ ತಾಗಿಸಿದಳು. ಕಾದಳು. ನಾನಂತೂ ಒಂದು ಹನಿಯನ್ನೂ ಮುಂದಕ್ಕೆ ಬಿಡದೆ ಹಿಡಿದುಕೊಂಡಿದ್ದೆ. ಚಿಕ್ಕಮ್ಮಿ ಕಣ್ಣು ತೆರೆದು ಅಜ್ಜಿಯನ್ನು ದಿಟ್ಟಿಸಿದಳು, ನಾಲಿಗೆ ಚಾಚಿದಳು, ನನ್ನನ್ನು ತಳ ಕಾಣುವ ಹಾಗೆ ಬರಿದು ಮಾಡಿದಳು.

"ಇಬ್ಬರನ್ನೂ ಕರ್ಕೊಂಡು ಹೋಗಿ" ಅಂದರು ಡಾಕ್ಟರ್. ಮಂಗಳ ಒಂದು ತೋಳಲ್ಲಿ ಒಬ್ಬಳನ್ನು, ಇನ್ನೊಂದು ತೋಳಲ್ಲಿ ಇನ್ನೊಬ್ಬಳನ್ನು ಹಿಡಿದು ಆ ಬಾಗಿಲು ದಾಟಿದಳು. ಸಿಸ್ಟರ್ ಜಯಶೀಲಾ ಬಾಗಿಲಲ್ಲಿ ನಿಂತು ದೃಷ್ಟಿ ನಿವಾಳಿಸಿದಳು. ಅಂಥದ್ದನ್ನೆಲ್ಲ ನಂಬುವುದಿಲ್ಲ ಅನ್ನುತ್ತಿದ್ದವಳು!

ಮನೆಯಲ್ಲಿ ಕೆಲವು ವಾರ ನನಗೆ ಬಿಡುವಿರಲಿಲ್ಲ. ಚಿಕ್ಕಮ್ಮಿ ದುಂಡಗಾದಳು, ತೊಡೆಯಲ್ಲಿ ಮಡಿಕೆ ಬಂತು, ಎದೆಹಾಲು ಕುಡಿಯುವುದನ್ನೂ ಕಲಿತಳು. ಚೆಲುವರಾಜು ನೋಡಲು ಬಂದಿದ್ದ ಒಂದು ಮಧ್ಯಾಹ್ನ ಹೊಂಬಾಳಮ್ಮ ಎಂದಿನಂತೆ ನನ್ನನ್ನು ತುಟಿಗೆ ತಂದಳು. ಚಿಕ್ಕಮ್ಮಿ ಮುಖ ಕಿವುಚಿದಳು. ಪಕ್ಕದಲ್ಲಿದ್ದ ಮಂಗಳನ ಎದೆಯ ಕಡೆ ತಿರುಗಿ, ಮುಷ್ಟಿ ಬೀಸಿ ನನ್ನನ್ನು ಒಂದೇ ಏಟಿಗೆ ತಳ್ಳಿದಳು. ನಾನು ಹಾಲಿನ ಸಮೇತ ಹಾರಿ, ಕಲ್ಲಿನ ನೆಲಕ್ಕೆ ಠಣ್ಣೆಂದು ಬಿದ್ದೆ. ನನ್ನ ಹೊಟ್ಟೆಯಲ್ಲಿ ಒಂದು ನೆಗ್ಗು ಬಿತ್ತು.

ಹೊಂಬಾಳಮ್ಮ ಮೊದಲು ನಕ್ಕಳು. "ನೋಡಿದ್ರಾ ಅಳಿಯಂದ್ರೇ, ಏನ್ ಸಕ್ತಿ!" ಎಂದು ಕೂಗಿ ಹೇಳಿದಳು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು.

ಈಗ ನಾನು ಬೀರುವಿನ ಮೇಲಿನ ಅರೆಯಲ್ಲಿದ್ದೇನೆ. ಗಾಜಿನಾಚೆ ಇಬ್ಬರು ಹುಡುಗಿಯರು ಬನ್ನಿಗಾಗಿ ಜುಟ್ಟು ಹಿಡಿದು ಜಗಳವಾಡುತ್ತಾರೆ. ಹೆಚ್ಚಾಗಿ ಗೆಲ್ಲುವವಳು ಚಿಕ್ಕಮ್ಮಿ. ನೆಗ್ಗು ತೆಗೆಸೋಣವೇ ಎಂದು ಮಂಗಳ ಕೇಳಿದ್ದುಂಟು. ಹೊಂಬಾಳಮ್ಮ ಒಪ್ಪಲಿಲ್ಲ, ನನಗೂ ಒಪ್ಪಿಗೆಯಿಲ್ಲ. ಸುರಿಯುವುದೇ ನನ್ನ ಕೆಲಸ ಅಂದುಕೊಂಡು ಬಾಳಿದೆ. ಕಾಯುವುದನ್ನು ಆ ಕೂಸು ಕಲಿಸಿತು. ಕಾದದ್ದಕ್ಕೆ ಫಲವಾಗಿ ಅವಳು ನನ್ನನ್ನು ಬೇಡವೆಂದು ತಳ್ಳಿದಳು. ಹೊಂಬಾಳಮ್ಮ, ಚೆಲುವರಾಜು, ನಾನು, ಮೂವರೂ ಆಸ್ಪತ್ರೆಯಲ್ಲಿ ಕೂತು ಕಾದದ್ದು ಆ ಏಟಿಗಾಗಿಯೇ.