ಯೋಜನೆಗೆ ಮಾತ್ರ

ಬೀದಿಯ ಕೊನೆಯಲ್ಲಿದ್ದ ಹಳೆಯ ಪಂಪ್‌ಹೌಸನ್ನು ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡುತ್ತಾರಂತೆ ಎಂಬ ಸುದ್ದಿ ಬಂದ ದಿನ ಹೊಲಿಗೆ ಯಂತ್ರದ ಮುಂದಿನಿಂದ ಎದ್ದ ಟೇಲರಮ್ಮ ಆಮೇಲೆ ನೆಟ್ಟಗೆ ಕೂತದ್ದೇ ಕಡಿಮೆ. ಅದು ಬೀದಿಯವರೆಲ್ಲ ಕೂತು ಹರಟುವ ಕೋಣೆಯಾಗಬೇಕು ಎಂದು ಅವಳ ಹಟ. ಬೀದಿಯ ಮೇಲೆ ಅವಳಿಗೆ ಪ್ರೀತಿ ಇತ್ತು, ಇಲ್ಲ ಅನ್ನೋಣವೇ? ಆದರೆ ನಿಜವಾದ ಕಾರಣ ಮೂರನೇ ಮಹಡಿಯ ಅವಳ ಮನೆಯಲ್ಲೇ ಕೂತಿತ್ತು. ಅದು ಅವಳ ಗಂಡ.

ಬೀದಿಯ ಅರ್ಧ ಬಾಗಿಲು ಕಿಟಕಿಗಳನ್ನು ಮಾಡಿದ ಬಡಗಿ ಅವನು. ಪಾರ್ಶ್ವವಾಯು ಬಡಿದು ಕಾಲಿನ ಬಲ ಹೋದ ಮೇಲೆ ಗಾಲಿಕುರ್ಚಿ ಹಿಡಿದ. ಕಟ್ಟಡಕ್ಕೆ ಲಿಫ್ಟ್ ಇತ್ತು, ಇವನಿಗೆ ಮಾತ್ರ ಇಳಿಯುವ ಮನಸ್ಸಿರಲಿಲ್ಲ.

"ಕೂರೋಕೆ ಒಂದು ಜಾಗ ಅಂತಿದ್ರೆ ಬರ್ತೀನಿ ಕಣೇ. ರಸ್ತೇಲಿ ಕೂತು ಹೋಗೋ ಬರೋರ ಹತ್ರ ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನಾನು ಬರಲ್ಲ" ಅನ್ನುತ್ತಿದ್ದ. ಹಾಡುತ್ತಾ ಮರಕ್ಕೆ ರಂದ ಹೊಡೆಯುತ್ತಿದ್ದ ಮನುಷ್ಯ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎಂಬಂತಾಗಿದ್ದ. ಅದೇ ಅವಳ ಕರುಳು ಹಿಂಡುತ್ತಿದ್ದದ್ದು.

ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಕಚೇರಿ ಕಚೇರಿ ಅಲೆದಳು. ಆರೋಗ್ಯ ಇಲಾಖೆಯವರು ಇದು ಕಟ್ಟಡದ ವಿಷಯ ಅಂದರು, ಕಟ್ಟಡದವರು ಇದು ಆರೋಗ್ಯದ ವಿಷಯ ಅಂದರು. ಚಪ್ಪಲಿ ಸವೆಯುವ ಹೊತ್ತಿಗೆ, ಯೋಜನಾ ಕಚೇರಿಯ ಗುಮಾಸ್ತನೊಬ್ಬ ಅವಳನ್ನು ಕೂರಿಸಿ ನೀರು ಕೊಟ್ಟು ಬಿಡಿಸಿ ಹೇಳಿದ.

"ಅಮ್ಮಾ, ಒಂದು ಅನುದಾನ ಇದೆ. ಆದ್ರೆ ಅದು ಕಟ್ಟೋಕಲ್ಲ, ಯೋಜನೆಗೆ ಮಾತ್ರ. ಏನು ಮಾಡ್ಬೇಕು, ಯಾರಿಗೆ ಬೇಕು ಅಂತ ಜನರನ್ನ ಕೇಳೋಕೆ, ನಕ್ಷೆ ಬರೆಸೋಕೆ. ಯೋಜನೆಗೆ ಒಪ್ಪಿಗೆ ಸಿಕ್ರೆ ಕಟ್ಟಡ ಕೆಡವೋ ಹಾಗಿಲ್ಲ."

ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ. ಮನೆಗೆ ಬಂದು ತಮ್ಮನಿಗೆ ಹೇಳಿದಳು. ತಮ್ಮ ಗಾರೆ ಮೇಸ್ತ್ರಿ, ಬೀದಿಯವರು ಕರೆಯುವುದು ಅರ್ಜೆಂಟ್ ಅಂತ. ಬೇರೆಯವರು ಅಳತೆ ತೆಗೆಯುವಷ್ಟರಲ್ಲಿ ಇವನ ಗೋಡೆ ಎದ್ದಿರುತ್ತಿತ್ತು. ಕೆಲವೊಮ್ಮೆ ತಪ್ಪು ಜಾಗದಲ್ಲಿ.

"ಯೋಚನೆ ಮಾಡೋಕೂ ಸರ್ಕಾರ ದುಡ್ಡು ಕೊಡುತ್ತಾ ಅಕ್ಕಾ? ಹಾಗಾದ್ರೆ ನಮ್ಮ ಭಾವ ಇಷ್ಟೊತ್ತಿಗೆ ಬಂಗಲೆ ಕಟ್ಟಿಸ್ಬೇಕಿತ್ತಲ್ಲ" ಎಂದ. ಭಾವ ಮೂಲೆಯಿಂದ ತುಸು ನಕ್ಕ.

ಅರ್ಜಿ ಹೋಯಿತು, ಜಾಗ ನೋಡಲು ಅಧಿಕಾರಿ ಬರುವ ದಿನವೂ ಗೊತ್ತಾಯಿತು. ಟೇಲರಮ್ಮ ಶಾಲೆಯ ಸಮವಸ್ತ್ರಗಳ ರಾಶಿಯಲ್ಲಿ ಮುಳುಗಿದ್ದಳು, ತಲೆ ಎತ್ತಲೂ ಪುರುಸೊತ್ತಿಲ್ಲ. ಅರ್ಜೆಂಟಿಗೆ ಮಾತ್ರ ಕೈ ಕಟ್ಟಿ ಕೂರುವುದು ಅಭ್ಯಾಸವಿಲ್ಲ. ದೊಡ್ಡವರು ಬರುತ್ತಾರೆ, ಹಾಳು ಕೊಂಪೆ ತೋರಿಸಿದರೆ ಬೀದಿಯ ಮಾನ ಏನಾಗಬೇಕು? ಪೇಂಟರನ್ನೂ ಕೊಳಾಯಿಯವನನ್ನೂ ಎಳೆದುಕೊಂಡು ಹೋದ. ಕಟ್ಟಡ ಕೆಲಸದವರ ಬೀದಿಯಲ್ಲವೇ ಅದು, ಒಬ್ಬರ ಮನೆಯಲ್ಲಿ ಹೆಂಚು, ಇನ್ನೊಬ್ಬರಲ್ಲಿ ಬಣ್ಣ, ಎಲ್ಲ ಮಿಕ್ಕದ್ದೇ ಬಂತು. ಸೋರುವ ಸೂರು ಹೋಯಿತು, ಗೋಡೆ ಹಳದಿಯಾಯಿತು, ಒಳಗೆ ಬೆಂಚುಗಳೂ ಬಂದವು. ಮೆಟ್ಟಿಲು ಕುಸಿದುಹೋಗಿದ್ದ ಬಾಗಿಲಿಗೆ ಅರ್ಜೆಂಟ್ ನುಣ್ಣನೆಯ ಕಲ್ಲಿನ ಹೊಸ ಮೆಟ್ಟಿಲು ಕಟ್ಟಿ ತಾನೇ ಹತ್ತಿಳಿದು ಖುಷಿಪಟ್ಟ. ಅಕ್ಕನಿಗೆ ಮಾತ್ರ ಹೇಳಲಿಲ್ಲ, ಬೆರಗಾಗಲಿ ಎಂದು.

ಅಧಿಕಾರಿ ಬರುವ ದಿನ, ಕೋಣೆ ಸಿದ್ಧವಾಗಿದೆ ಅಂತ ಭಾವನ ಕಿವಿಯಲ್ಲಿ ಹೇಳಿ ಅವನನ್ನೂ ಕೆಳಗಿಳಿಸಿದ. ಟೇಲರಮ್ಮ ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಿರುವಾಗಲೇ ಅಧಿಕಾರಿಯ ಕಾರು ಬಂತು. ಎಲ್ಲರೂ ಅಧಿಕಾರಿ ಮೇಡಂ ಹಿಂದೆ ಒಳಗೆ ನುಗ್ಗಿದರು. ಗಂಡನ ಕುರ್ಚಿಗೆ ಬ್ರೇಕ್ ಹಾಕಿ ಟೇಲರಮ್ಮನೂ ಓಡಿದಳು.

ಅಧಿಕಾರಿ ಸೂರು ನೋಡಿದರು, ಗೋಡೆ ಮುಟ್ಟಿ ನೋಡಿದರು. "ತುಂಬಾ ಚೆನ್ನಾಗಿದೆ. ಆದ್ರೆ ಇನ್ನು ಯೋಜನೆ ಮಾಡೋಕೆ ಏನುಳಿದಿದೆ? ಮುಗಿದ ಕೆಲಸಕ್ಕೆ ನಾನು ಅನುದಾನ ಬರೆಯೋ ಹಾಗಿಲ್ಲ. ಒಪ್ಪಿಗೆಯಾದ ಯೋಜನೆ ಇಲ್ದೆ ಇದನ್ನ ಉಳಿಸೋಕೂ ಆಗಲ್ಲ."

ಅರ್ಜೆಂಟ್ ಇಂಗು ತಿಂದ ಮಂಗನ ಹಾಗೆ ನಿಂತ. ಬೇರೆ ದಿನವಾಗಿದ್ದರೆ ಟೇಲರಮ್ಮ ಅವನ ಕಿವಿ ಹಿಂಡುತ್ತಿದ್ದಳು; ಅವತ್ತು ಅದಕ್ಕೂ ತ್ರಾಣವಿರಲಿಲ್ಲ.

"ಹೋಗಲಿ, ಇದೆಲ್ಲ ಯಾರಿಗೋಸ್ಕರ ಮಾಡಿದ್ರಿ?" ಅಧಿಕಾರಿ ಮೆಲ್ಲಗೆ ಕೇಳಿದರು.

"ನಮ್ಮನೆಯವರಿಗೆ ಮೇಡಂ" ಎಂದುಬಿಟ್ಟಳು. ಇಗೋ ಇವರೇ ಎಂದು ತೋರಿಸಲು ತಿರುಗಿದಳು.

ಅವನು ಪಕ್ಕದಲ್ಲಿರಲಿಲ್ಲ. ಹೊರಗೆ, ಹೊಸ ಮೆಟ್ಟಿಲುಗಳ ಕೆಳಗೆ, ಬ್ರೇಕ್ ಹಾಕಿದಲ್ಲೇ ಇದ್ದ. ಅವನನ್ನು ಅಲ್ಲಿ ಬಿಟ್ಟು ತಾನೂ ಒಳಗೆ ಬಂದುಬಿಟ್ಟೆನಲ್ಲ ಎಂದು ನೆನೆದು ಅವಳಿಗೆ ನಾಚಿಕೆಯಿಂದ ಮುಖ ಸುಟ್ಟಂತಾಯಿತು.

ಬಡಗಿಯೇ ಹೊರಗಿನಿಂದ ಕೂಗಿ ಹೇಳಿದ. "ನಮ್ಮ ಭಾಮೈದ ನನಗೇ ಅಂತ ಮಾಡಿಸಿದ ಕೋಣೆ ಮೇಡಂ. ನನ್ನೊಬ್ಬನ್ನ ಬಿಟ್ಟು ಊರೆಲ್ಲ ಒಳಗೆ ಹೋಗ್ಬಹುದು."

ಮೊದಲು ನಕ್ಕವರು ಅಧಿಕಾರಿ. ಮೆಟ್ಟಿಲಿಳಿದು ಬಂದು ಅವನ ಮುಂದೆ ನಿಂತು, "ಹಾಗಾದ್ರೆ ಯೋಜನೆ ಇನ್ನೂ ಶುರುವೇ ಆಗಿಲ್ಲ. ಒಳಗೆ ಬರೋಕಾಗದವರು ಈ ಬೀದೀಲಿ ಯಾರ್ಯಾರಿದ್ದಾರೆ, ಅವರನ್ನೆಲ್ಲ ಕೇಳಿ. ದಾರಿ, ಬಾಗಿಲು, ಶೌಚಾಲಯ ಹೇಗಿರಬೇಕು ಅಂತ ಬರೆಸಿ. ಅದಕ್ಕೆ ಕೊಡ್ತೀನಿ" ಎಂದರು. ಆಮೇಲೆ ಅರ್ಜೆಂಟಿನ ಕಡೆ ತಿರುಗಿ, "ಅದು ಮುಗಿಯೋ ತನಕ ನೀವು ಕರಣೆ ಮುಟ್ಟಬಾರದು."

"ಇವತ್ತು ರಾತ್ರಿ ಒಂದು ಇಳಿಜಾರು ಮಾತ್ರ..." ಎಂದ ಅವನು. ಅಕ್ಕ ಕಣ್ಣು ಬಿಟ್ಟಳು. ಬಾಯಿ ಮುಚ್ಚಿಕೊಂಡ.

ಕಾರು ಹೋದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಬಡಗಿ ಒಳಗೆ ಹೋಗುವಂತಿಲ್ಲವಲ್ಲ, ಒಳಗಿದ್ದ ಬೆಂಚುಗಳನ್ನೇ ರಸ್ತೆಗೆ ತಂದು ಅವನ ಸುತ್ತ ಕೂತರು. ಇಳಿಜಾರು ಎಷ್ಟು ಉದ್ದ ಇರಬೇಕೆಂದು ಒಬ್ಬ ಹೇಳಿದ, ಬಡಗಿ ಆಗಲ್ಲ ಎಂದು ತಲೆಯಾಡಿಸಿದ. ಇನ್ನೊಬ್ಬ ಹೇಳಿದ, ಬಡಗಿ ಬೈದ. ಸೀಮೆಸುಣ್ಣ ತರಿಸಿ, ಅರ್ಜೆಂಟಿನ ಕೈಲೇ ನೆಲದ ಮೇಲೆ ಗೆರೆ ಎಳೆಸಿ, ಸೊಟ್ಟ ಅಂತ ಅಳಿಸಿದ. ಹಾದುಹೋಗುವವರು ನಿಂತು ನೋಡುತ್ತಿದ್ದದ್ದು ಅವನ ಗಮನಕ್ಕೇ ಬರಲಿಲ್ಲ.

ಗಾಳಿ ತಣ್ಣಗಾದಾಗ ಟೇಲರಮ್ಮ ಹತ್ತಿರ ಹೋಗಿ ಮೆತ್ತಗೆ, "ಸಾಕು ರೀ, ಮೇಲೆ ಹೋಗೋಣ" ಅಂದಳು.

"ಸುಮ್ನಿರೇ, ಬಾಗಿಲಿನ ಅಗಲ ಇನ್ನೂ ಆಗಿಲ್ಲ. ನಿಂಗೆ ಬೇಕಾದ್ರೆ ಹೋಗು" ಎಂದು ಗದರಿದ.

ಎಷ್ಟು ದಿನವಾಗಿತ್ತೋ ಗಂಡನ ಕೈಲಿ ಬೈಸಿಕೊಂಡು. ಅವಳಿಗೆ ಕಣ್ಣು ತುಂಬಿ ಬಂತು, ಸಂತೋಷಕ್ಕೆ. ಬೆಂಚಿನ ಮೇಲೆ ತಮ್ಮನನ್ನು ಆಚೆ ಸರಿಸಿ ಅವಳೂ ಕೂತಳು.