ಖಾರವಿಲ್ಲದ ಒಂದು ಪೊಟ್ಟಣ

ಮಕಾಸ್ಸರ್‌ನಲ್ಲಿ ಸಂಬಲ್ ಇಲ್ಲದೆ ಅನ್ನ ಉಣ್ಣುವವರೆಂದರೆ ಒಂದು ಕೈಯ ಬೆರಳಿನಷ್ಟು ಜನ. ಆ ಕೆಂಪು ಖಾರ ನಾಲಿಗೆಗೆ ತಾಗದಿದ್ದರೆ ಇಲ್ಲಿ ಯಾರಿಗೂ ಉಂಡಂತಾಗುವುದಿಲ್ಲ. ಇಪ್ಪತ್ತು ವರ್ಷದಿಂದ ಕಾಲೇಜಿನ ಗೇಟಿನ ಪಕ್ಕ ಅನ್ನ, ಮೀನು ಮಾರುವ ದಾಯೆಂಗ್ ಕನಾಂಗ್‌ಗೆ ಯಾರಿಗೆ ಬಾಲದ ತುಂಡು, ಯಾರಿಗೆ ಎರಡು ಚಮಚ ಸಂಬಲ್ ಎಂಬುದೆಲ್ಲ ಬಾಯಿಪಾಠ. ಅಂಥವಳಿಗೂ ಆವತ್ತು ಮಂಕು ಕವಿದಿತ್ತು. ಅದಕ್ಕಾಗಿ ಇವತ್ತಿಗೂ ತನ್ನನ್ನೇ ಶಪಿಸಿಕೊಳ್ಳುತ್ತಾಳೆ.

ಬೆಳಗ್ಗೆಯೇ ಪೊಲೀಸ್ ಪೇದೆ ಬಹ್ತಿಯಾರ್ ಬಂದ.

"ಅಮ್ಮಾ, ಹನ್ನೊಂದು ಗಂಟೆಗೆ ನೂರೈವತ್ತು ಪೊಟ್ಟಣ ಬೇಕು. ಒಂದಕ್ಕೆ ಮಾತ್ರ ಸಂಬಲ್ ಬೇಡ. ಅದನ್ನ ಬೇರೆ ಇಡಿ, ನಾನೇ ಬಂದು ಒಯ್ತೀನಿ."

"ನೂರೈವತ್ತಾ! ಯಾರ ಮದುವೆನಪ್ಪಾ?"

ಅವನು ನಗಲಿಲ್ಲ. "ಮಗಳನ್ನ ಮನೆಗೆ ಕರ್ಕೊಂಡ್ಹೋಗಿ" ಎಂದವನೇ ಹೊರಟುಹೋದ.

ಮಗಳು ಹಸ್ನಿದಾರ್ ಮೂರು ದಿನದಿಂದ ಕಾಲೇಜಿನ ಸಭಾಂಗಣದಲ್ಲಿ ಕೂತಿದ್ದಳು. ಹೊಸ ಕಟ್ಟಡದ ಗುತ್ತಿಗೆಯಲ್ಲಿ ಯಾರು ಎಷ್ಟು ನುಂಗಿದರೆಂದು ವಿದ್ಯಾರ್ಥಿ ಪತ್ರಿಕೆಯಲ್ಲಿ ಬರೆದ ಹುಡುಗನನ್ನು ಕಾಲೇಜಿನಿಂದ ಹೊರಹಾಕಿದ್ದರು. ಅದೇ ಬರಹವನ್ನು ನೂರು ಮಕ್ಕಳು ಸರದಿಯ ಮೇಲೆ ಮೈಕಿನಲ್ಲಿ ಓದುತ್ತಿದ್ದರು. 'ನನ್ನ ಒಪ್ಪಿಗೆ ಇಲ್ಲದೆ ಪೊಲೀಸರು ಗೇಟು ದಾಟುವುದಿಲ್ಲ' ಎಂದು ಡೀನ್ ಮುಸ್ತಾರಿ ಎಲ್ಲರೆದುರು ಮಾತು ಕೊಟ್ಟಿದ್ದ.

ಕೊನೆಯ ಪೊಟ್ಟಣ ಕಟ್ಟುವಾಗ ಸಂಬಲ್ ಚಮಚ ಎತ್ತಿದವಳು ಹಾಗೇ ನಿಂತಳು. ಇದು ಖಾರ ಬೇಡ ಅಂದದ್ದಲ್ಲವೇ? ಹೊಟ್ಟೆಹುಣ್ಣಿನಿಂದ ಸಂಬಲ್ ಬಿಟ್ಟವನು ಈ ಕಾಲೇಜಿನಲ್ಲಿ ಒಬ್ಬನೇ. ಡೀನ್!

"ಅಯ್ಯೋ ನನ್ನ ಬುದ್ಧಿಗಿಷ್ಟು!" ಕನಾಂಗ್ ಒಲೆ ಬಿಟ್ಟು ಸಭಾಂಗಣಕ್ಕೆ ಓಡಿದಳು. ಪೊಲೀಸರನ್ನು ಕರೆಸುತ್ತಿರುವವನು ಡೀನೇ ಎಂದು ಮಗಳಿಗೆ ಒಂದೇ ಉಸಿರಿನಲ್ಲಿ ಹೇಳಿದಳು.

"ಸಂಬಲ್ ನೋಡಿ ಜನರನ್ನ ಅಳೀತೀಯೇನಮ್ಮಾ?" ಹಸ್ನಿದಾರ್ ನಕ್ಕಳು. "ಪೊಲೀಸರಲ್ಲಿ ಯಾರಿಗೂ ಹೊಟ್ಟೆನೋವು ಇರಬಾರದಾ?"

"ದಾಯೆಂಗ್, ನಂದು ಎರಡು ಚಮಚ! ನಾನು ಯಾವ ಪಕ್ಷ?" ಎಂದನೊಬ್ಬ. ಸಭಾಂಗಣವೆಲ್ಲ ಗೊಳ್ಳೆಂದಿತು.

"ನಗಿ, ನಗಿ! ಏಳೇ, ನಡಿ ಮನೆಗೆ!" ಕನಾಂಗ್ ಮಗಳ ಕೈ ಹಿಡಿದೆಳೆದಳು.

ಹಸ್ನಿದಾರ್ ಕೊಡವಿಕೊಂಡಳು. "ನಾನು ಎದ್ರೆ ಎಲ್ಲರೂ ಏಳ್ತಾರೆ. ಆಮೇಲೆ ಆ ಹುಡುಗನ ಗತಿ? ಡೀನ್ ಸಾರ್ ಮಾತು ಕೊಟ್ಟಿದಾರಮ್ಮಾ."

ಕನಾಂಗ್ ಗೇಟಿಗೆ ಮರಳುವಷ್ಟರಲ್ಲಿ ಪೊಲೀಸರು ಉಂಡು ಕೈ ತೊಳೆಯುತ್ತಿದ್ದರು. ಬೇರೆ ಇಟ್ಟ ಪೊಟ್ಟಣ ಮಾತ್ರ ಉಳಿದಿತ್ತು. ಅದನ್ನು ಒಯ್ಯಲು ಬಹ್ತಿಯಾರ್ ಬರಲೇ ಇಲ್ಲ. ಎಲೆಗಳನ್ನು ಅಲ್ಲೇ ಬಿಸಾಕಿ, ಲಾಠಿ ಹಿಡಿದು ಎಲ್ಲರೂ ಒಳಗೆ ನುಗ್ಗಿದರು. ಮೈಕಿನ ದನಿ ನಿಂತಿತು. ಆಮೇಲೆ ಬರೀ ಕಿರುಚಾಟ. ತಾನು ಕಟ್ಟಿದ ಅನ್ನ ಉಂಡ ಕೈಗಳೇ ಮಗಳನ್ನು ಬಡಿಯುತ್ತಿವೆಯಲ್ಲಾ ಎಂದು ಕನಾಂಗ್ ಎದೆ ಬಡಿದುಕೊಂಡಳು.

ಸಂಜೆ ಆಸ್ಪತ್ರೆಯಲ್ಲಿ ಹಸ್ನಿದಾರ್ ಮಲಗಿದ್ದಳು. ದವಡೆ ಮುರಿದಿತ್ತು, ಬಾಯಿ ಬಿಡುವಂತಿರಲಿಲ್ಲ. ಡೀನ್ ಕಿತ್ತಳೆ ಹಣ್ಣು ಹಿಡಿದು ಬಂದ. ಕಿತ್ತಳೆಯಂತೆ, ಜಗಿಯಲಾಗದವಳಿಗೆ!

"ಬೆಳಗ್ಗೆಯಿಂದ ನಾನು ಊರಲ್ಲೇ ಇರಲಿಲ್ಲಮ್ಮಾ. ಪೊಲೀಸರನ್ನ ಯಾರು ಕರೆದ್ರೋ, ಆ ದೇವರೇ ಬಲ್ಲ."

ಹಸ್ನಿದಾರ್ ನಂಬಿದವಳಂತೆ ತಲೆಯಾಡಿಸಿದಳು.

ಕನಾಂಗ್ ಚೀಲದಿಂದ ಆ ಪೊಟ್ಟಣ ತೆಗೆದು ಅವನ ಕೈಗಿಟ್ಟಳು.

"ನಿಮ್ಮ ಊಟ, ಸಾರ್. ಸಂಬಲ್ ಹಾಕಿಲ್ಲ."

"ಓ, ನಿಮ್ಮ ಹತ್ರಾನೇ ಉಳೀತಾ? ಕಾಲೇಜಿನ ಕೋಣೇಲಿ ಹಸಿದು ಕೂತಿದ್ದೇ ಬಂತು, ಆ ಬಹ್ತಿಯಾರ್ ತರಲೇ..."

ಡೀನ್ ನಾಲಿಗೆ ಕಚ್ಚಿಕೊಂಡ. ಪೊಟ್ಟಣವನ್ನು ಹಾಸಿಗೆಯ ತುದಿಯಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದ.

ಹಸ್ನಿದಾರ್ ಆ ಪೊಟ್ಟಣವನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಬಂತು. ಬೆಳಗ್ಗೆ ಕೊಡವಿಕೊಂಡಿದ್ದ ಅಮ್ಮನ ಕೈಯನ್ನು ಹುಡುಕಿ, ಬಿಗಿಯಾಗಿ ಹಿಡಿದುಕೊಂಡಳು.